ಬ್ಲ್ಯಾಕ್ ಹೋಲ್ ಒಳಗೆ ಅಯಸ್ಕಾಂತ ಇದ್ಯಾ?

ಗೋಣಿಕೊಪ್ಪದ ಓದುಗರೊಬ್ರ ಪ್ರಶ್ನೆ: ಬ್ಲ್ಯಾಕ್ ಹೋಲಿಂದ ಬೆಳಕೇ ಹೊರಗೆ ಬರಲ್ಲ ಅಂತೀರಿ, ಮತ್ತೆ ಗ್ಯಾಲಕ್ಸಿ ನಡುವಿಂದ ಚಿಮ್ಮೋ ಜೆಟ್‌ನಲ್ಲಿ (ಉದ್ದನೆ ಧಾರೆಯಲ್ಲಿ) ಮ್ಯಾಗ್ನೆಟಿಕ್ ಫೀಲ್ಡ್ ಇದೆ ಅಂತೀರಿ. ಅದೆಲ್ಲಿಂದ ಬಂತು? ಒಳಗೆ ದೊಡ್ಡ ಅಯಸ್ಕಾಂತ ಏನಾದ್ರೂ ಇದ್ಯಾ?

ಇಲ್ಲ, ಇರೋಕೂ ಆಗಲ್ಲ. ಕಬ್ಬಿಣನೇ 770 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಅಯಸ್ಕಾಂತದ ಗುಣ ಕಳ್ಕೊಳ್ಳುತ್ತೆ, ಅಲ್ಲಿ ಬ್ಲ್ಯಾಕ್ ಹೋಲ್ ಹತ್ರ ಗ್ಯಾಸು ಕೋಟ್ಯಂತರ ಡಿಗ್ರಿ ಕಾದಿರುತ್ತೆ. ಫೀಲ್ಡ್ ಇರೋದು ಆ ಗ್ಯಾಸಲ್ಲೇ. ಅಷ್ಟು ಬಿಸಿಗೆ ಎಲೆಕ್ಟ್ರಾನ್‌ಗಳು ಬೇರೆಯಾಗಿ ಪ್ಲಾಸ್ಮಾ ಆಗಿರುತ್ತೆ, ಅದ್ರಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಹಾಗಾಗಿ ಫೀಲ್ಡ್ ಅದನ್ನ ಬಿಟ್ಟು ಹೋಗಲ್ಲ, ಗ್ಯಾಸ್ ಹೋದಲ್ಲಿ ಅದೂ ಹೋಗುತ್ತೆ. ಗ್ಯಾಲಕ್ಸಿ ತುಂಬಾ ಹರಡಿರೋ ಫೀಲ್ಡ್ ಬಹಳ ವೀಕು, ಒಂದು ಗಾಸ್‌ನ (ಫೀಲ್ಡ್ ಬಲ ಅಳೆಯೋ ಮಾನ) ಲಕ್ಷದಲ್ಲೊಂದು ಭಾಗ, ಇಲ್ಲಾ ಅದಕ್ಕೂ ಕಮ್ಮಿ. ಗ್ಯಾಸ್ ಒಳಗೆ ಬೀಳ್ತಾ ಅದನ್ನೂ ಎಳ್ಕೊಂಡು ಬಂದು ಇಕ್ಕಟ್ಟಾದ ಜಾಗಕ್ಕೆ ಒತ್ತುತ್ತೆ, ಅದ್ರ ಜೊತೆಗೆ ಬ್ಲ್ಯಾಕ್ ಹೋಲ್ ಸುತ್ತ ತಟ್ಟೆ ಥರ ಸುತ್ತೋ ಗ್ಯಾಸಿನ, ಅಂದ್ರೆ ಡಿಸ್ಕ್‌ನ, ಒಳಭಾಗ ಹೊರಭಾಗಕ್ಕಿಂತ ಜೋರಾಗಿ ಸುತ್ತೋದ್ರಿಂದ ಫೀಲ್ಡ್ ಎಳೆದಾಡಿಸಿಕೊಂಡು ಇನ್ನೂ ಬಲ ಆಗುತ್ತೆ.

ಇನ್ನು ಬ್ಲ್ಯಾಕ್ ಹೋಲ್ ಕೆಲಸ. ಅದು ತಿರುಗ್ತಾ ಇದ್ರೆ ಸುತ್ತಲಿನ ಸ್ಪೇಸನ್ನೇ ಜೊತೆಗೆ ಎಳೆಯುತ್ತೆ, ಅಲ್ಲಿ ಸಿಕ್ಕಿಕೊಂಡ ಫೀಲ್ಡ್ ಗೆರೆಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಳ್ತವೆ, ತಿರುಗಾಟದ ಶಕ್ತಿ ಆ ಗೆರೆಗಳ ಮೂಲಕ ಮೇಲಕ್ಕೂ ಕೆಳಕ್ಕೂ ಜೆಟ್ ಆಗಿ ಹೊರಡುತ್ತೆ. 1977ರಲ್ಲಿ ವಿಜ್ಞಾನಿಗಳಾದ ಬ್ಲ್ಯಾಂಡ್‌ಫರ್ಡ್ ಮತ್ತೆ ಝ್ನಾಯೆಕ್ ಹೇಳಿದ್ದು ಇದೇ. ಒಳಗೆ ಬಿದ್ದಿದ್ದು ಯಾವುದೂ ವಾಪಸ್ ಬರಲ್ಲ, ನಿಮ್ಮ ಅನುಮಾನ ಅಲ್ಲಿಗೆ ಸರಿನೇ.

ಸಾಕ್ಷಿ ಬೇಕಾದ್ರೆ ಎಂ87 ಅನ್ನೋ ಗ್ಯಾಲಕ್ಸಿ ಇದೆ. 1918ರಲ್ಲೇ ಖಗೋಳ ವಿಜ್ಞಾನಿ ಕರ್ಟಿಸ್ ಅದ್ರ ಜೆಟ್ ನೋಡಿದ್ರು. 5.5 ಕೋಟಿ ಜ್ಯೋತಿರ್ವರ್ಷ ದೂರ, ಆದ್ರೆ ಮಜಾ ಏನಂದ್ರೆ ಏಪ್ರಿಲಲ್ಲಿ ರಾತ್ರಿ 11ರ ಹೊತ್ತಿಗೆ ಅದು ಮಡಿಕೇರಿಯ ನೆತ್ತಿ ಮೇಲೇ ಇರುತ್ತೆ, ಮೋಡ ಇಲ್ದಿದ್ರೆ ಸಣ್ಣ ಟೆಲಿಸ್ಕೋಪಲ್ಲೂ ಮಸುಕು ಚುಕ್ಕೆ ಥರ ಕಾಣುತ್ತೆ, ಜೆಟ್ ಮಾತ್ರ ಕಾಣಲ್ಲ. 2021ರಲ್ಲಿ ಇವೆಂಟ್ ಹೊರೈಜನ್ ಟೆಲಿಸ್ಕೋಪ್‌ನವ್ರು (ಬೇರೆ ಬೇರೆ ದೇಶದ ರೇಡಿಯೋ ಟೆಲಿಸ್ಕೋಪ್‌ಗಳನ್ನ ಜೋಡಿಸಿ ನೋಡೋ ತಂಡ) ಅಲ್ಲಿನ ಬ್ಲ್ಯಾಕ್ ಹೋಲ್ ಅಂಚಲ್ಲಿ ಫೀಲ್ಡ್ 1ರಿಂದ 30 ಗಾಸ್ ಅಂತ ಲೆಕ್ಕ ಹಾಕಿದ್ರು. ಫ್ರಿಡ್ಜ್‌ಗೆ ಅಂಟಿಸೋ ಮ್ಯಾಗ್ನೆಟ್ಟೇ ಇದಕ್ಕಿಂತ ಸ್ಟ್ರಾಂಗು! ಆದ್ರೆ ಇದು ನೆಪ್ಚೂನ್ ಕಕ್ಷೆಗಿಂತ ದೊಡ್ಡ ಜಾಗದಲ್ಲಿ ತುಂಬಿಕೊಂಡಿದೆ, ಬಲ ಬರೋದು ಆ ಅಗಲದಿಂದ.

ಮೊದಲ ಫೀಲ್ಡ್ ಹೇಗೆ ಹುಟ್ತು ಅನ್ನೋದಕ್ಕೆ 1950ರಲ್ಲಿ ವಿಜ್ಞಾನಿ ಬಿಯರ್ಮನ್ ಒಂದು ದಾರಿ ತೋರಿಸಿದ್ರು, ಎಲೆಕ್ಟ್ರಾನ್ ಪ್ರೋಟಾನ್‌ಗಿಂತ ಹಗುರ, ಒತ್ತಡಕ್ಕೆ ಬೇಗ ಜರುಗುತ್ತೆ, ಸಣ್ಣ ಕರೆಂಟ್ ಹುಟ್ಟುತ್ತೆ. ಜೆಟ್‌ನ ಫೀಲ್ಡಲ್ಲಿ ಡಿಸ್ಕಲ್ಲೇ ಬೆಳೆದಿದ್ದೆಷ್ಟು, ಹೊರಗಿಂದ ಬಂದಿದ್ದೆಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ನಂಗೆ ಹೊರಗಿಂದ ಬಂದಿದ್ದೇ ಜಾಸ್ತಿ ಅನ್ಸುತ್ತೆ, ಯಾಕಂದ್ರೆ ಜೆಟ್‌ಗೆ ಒಂದೇ ದಿಕ್ಕಿಗೆ ನೆಟ್ಟಗಿರೋ ಫೀಲ್ಡ್ ಬೇಕು, ಡಿಸ್ಕ್ ಮಾಡೋದು ಹೆಚ್ಚಾಗಿ ಸಿಕ್ಕುಸಿಕ್ಕಾಗಿರುತ್ತೆ.