ಹಳೇ ಫಿಶಿಂಗ್ ಕಯಾಕ್ ತಗೊಳ್ಳಬಹುದಾ?

ಈ ಸಲದ ಪ್ರಶ್ನೆ ಮಂಡ್ಯದ ಓದುಗರೊಬ್ಬರದು, ಕಯಾಕ್ ಬಗ್ಗೆ, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ. ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. "ಸರ್, ನನ್ನ ಹತ್ರ ಗಾಳಿ ತುಂಬುವ ಕಯಾಕ್ ಇದೆ. ಬೆಂಗಳೂರಲ್ಲಿ ಒಬ್ಬರು ಆರು ವರ್ಷದ ಗಟ್ಟಿ ಪ್ಲಾಸ್ಟಿಕ್ ಫಿಶಿಂಗ್ ಕಯಾಕ್ ಮಾರುತ್ತಿದ್ದಾರೆ. ನಾಲ್ಕೈದು ಸಲ ಮಾತ್ರ ನೀರಿಗೆ ಇಳಿಸಿದ್ದಂತೆ. ಹೇಗೂ ಸಿಂಟೆಕ್ಸ್ ಟ್ಯಾಂಕಿನ ಪ್ಲಾಸ್ಟಿಕ್ಕೇ ಅಲ್ವಾ, ಹಾಳಾಗಲ್ಲ. ತಗೊಳ್ಳಲಾ?"

ಚಿಕ್ಕ ಉತ್ತರ: ಕಯಾಕ್ ಚೆನ್ನಾಗಿದ್ದರೆ ಧೈರ್ಯವಾಗಿ ತಗೊಳ್ಳಿ. ಗಾಳಿ ತುಂಬುವ ಕಯಾಕ್ ಹಗುರ, ನೀರಿನ ಮೇಲೆ ಎತ್ತರಕ್ಕೆ ಕೂರುತ್ತದೆ. ಹಿನ್ನೀರಿನಂಥ ಬಯಲು ಜಾಗದಲ್ಲಿ, ಅದರಲ್ಲೂ ಆಷಾಢದ ಗಾಳಿಯಲ್ಲಿ, ಅದನ್ನು ಒಂದು ಕಡೆ ನಿಲ್ಲಿಸುವುದೇ ಕಷ್ಟ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಗಾಳದ ರಾಡ್ ಹಿಡಿದು ಒದ್ದಾಡುವುದರಲ್ಲೇ ಬೆಳಗ್ಗೆ ಕಳೆದುಹೋಗುತ್ತದೆ. ಗಟ್ಟಿ ಕಯಾಕ್ ನೇರ ಹೋಗುತ್ತದೆ, ಕೊಕ್ಕೆ ತಾಗಿದರೆ ತೂತಾಗುವ ಭಯ ಇಲ್ಲ, ಬೆನ್ನಿಗೆ ಆಸರೆ ಇರುತ್ತದೆ. ಬದಲಿಗೆ ನೀವು ಹೊರಬೇಕಾದ್ದು ತೂಕ. ಹತ್ತು ಹನ್ನೆರಡು ಅಡಿಯ ಫಿಶಿಂಗ್ ಕಯಾಕ್ 30 ಕೆಜಿ ದಾಟುವುದು ಮಾಮೂಲು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಕಾರು ಒಂದು ಕಡೆ, ನೀರು ಇನ್ನೊಂದು ಕಡೆ. ನಡುವೆ ಎಳೆಯುವವರು ನೀವೇ.

ಉತ್ತರ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಸಿಂಟೆಕ್ಸ್ ಮಾತು ಇದೆಯಲ್ಲ, ಅದನ್ನು ಎಷ್ಟು ಜನ ಎಷ್ಟು ಸಲ ಹೇಳಿದ್ದಾರೋ, ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ಅರ್ಧ ನಿಜ ಇದೆ, ಅದಕ್ಕೇ ಈ ನಂಬಿಕೆ ಸಾಯುವುದಿಲ್ಲ. ತಾರಸಿ ಮೇಲಿನ ಟ್ಯಾಂಕೂ, ಸಾಮಾನ್ಯ ಫಿಶಿಂಗ್ ಕಯಾಕೂ ಪಾಲಿಎಥಿಲೀನ್ ಪ್ಲಾಸ್ಟಿಕ್ಕೇ. ಮಾಡುವ ರೀತಿಯೂ ಒಂದೇ: ಪ್ಲಾಸ್ಟಿಕ್ ಪುಡಿಯನ್ನು ಅಚ್ಚಿಗೆ ಸುರಿದು, ದೊಡ್ಡ ಒಲೆಯಲ್ಲಿ ತಿರುಗಿಸುತ್ತಾ ಕರಗಿಸಿ ಒಳಗೋಡೆಗೆ ಅಂಟಿಸುತ್ತಾರೆ. ಹೋಲಿಕೆ ಇಲ್ಲಿಗೆ ನಿಂತಿತು.

ಟ್ಯಾಂಕು ಯಾಕೆ ಕಪ್ಪು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಚೆಂದಕ್ಕಲ್ಲ. ಅದರಲ್ಲಿ ಶೇಕಡಾ 2–3ರಷ್ಟು ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಬಗೆಯ ನಯವಾದ ಮಸಿ, ಬೆರೆಸಿರುತ್ತಾರೆ. ಬಿಸಿಲಿನ ಯುವಿ ಕಿರಣವನ್ನು ಆ ಮಸಿ ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ನಿಮ್ಮ ಹಳದಿ, ಕಿತ್ತಳೆ, ಹಸಿರು ಕಯಾಕ್‌ನಲ್ಲಿ ಆ ಮಸಿ ಇಲ್ಲ. ಬೇರೆ ಯುವಿ ತಡೆಯುವ ರಾಸಾಯನಿಕ ಹಾಕಿರುತ್ತಾರೆ, ಒಪ್ಪುತ್ತೇನೆ, ಆದರೆ ಅದು ಬಿಸಿಲಲ್ಲಿ ವರ್ಷ ವರ್ಷ ಖರ್ಚಾಗುತ್ತಾ ಹೋಗುತ್ತದೆ. ಅದು ಮುಗಿದ ಮೇಲೆ ಪ್ಲಾಸ್ಟಿಕ್‌ನ ಉದ್ದನೆಯ ಸರಪಳಿಗಳು ತುಂಡಾಗಲು ಶುರು. ಮೊದಲು ಬಣ್ಣ ಮಂಕಾಗುತ್ತದೆ, ಆಮೇಲೆ ಕೈಗೆ ಸೀಮೆಸುಣ್ಣದಂಥ ಪುಡಿ ಹತ್ತುತ್ತದೆ, ಕೊನೆಗೆ ಬಗ್ಗಬೇಕಾದ ಕಡೆ ಬಗ್ಗದೆ ಸೀಳುತ್ತದೆ.

ಎರಡನೆಯದು, ಟ್ಯಾಂಕು ಕೂತಲ್ಲೇ ಕೂತಿರುತ್ತದೆ. ಸಮತಟ್ಟು ನೆಲದ ಮೇಲೆ, ಸುತ್ತಲೂ ಸಮನಾಗಿ ನೀರಿನ ಒತ್ತಡ, ಅಷ್ಟೇ ಅದರ ಕೆಲಸ. ಕಯಾಕ್ ಹಾಗಲ್ಲ. ನಿಮ್ಮ ಭಾರವೆಲ್ಲ ಸೀಟಿನ ಒಂದೇ ಕಡೆ, ಪ್ರತಿ ಅಲೆಗೂ ಒಂದು ಬಳುಕು, ದಡಕ್ಕೆ ಬಂದರೆ ಕಲ್ಲಿನ ಮೇಲೆ ದರದರ, ಕಾರಿನ ಮೇಲೆ ಹಾಕಿದರೆ ಬೆಲ್ಟ್ ಬಿಗಿದು ಎರಡೇ ಕಡೆ ಒತ್ತು. ಟ್ಯಾಂಕಿನಲ್ಲೇ ಹೋಲಿಕೆ ಬೇಕು ಅಂದರೆ ಅದರ ಮುಚ್ಚಳ ನೋಡಿ. ಹಳೆಯದಾದ ಟ್ಯಾಂಕಿನಲ್ಲಿ ಮೊದಲು ಸೀಳುವುದು ಸಾಮಾನ್ಯವಾಗಿ ಅದೇ ಅಲ್ವಾ? ತೆಳು, ತೆಗೆದು ಹಾಕಿ ಮಾಡುವಾಗ ಬಗ್ಗುತ್ತದೆ, ಬಿಸಿಲು ನೇರ ಬೀಳುತ್ತದೆ. ಕಯಾಕಿನ ಬಾಳು ಟ್ಯಾಂಕಿಗಿಂತ ಆ ಮುಚ್ಚಳಕ್ಕೇ ಹತ್ತಿರ.

ಹಾಗಾಗಿ "ನಾಲ್ಕೈದು ಸಲ ಮಾತ್ರ ಇಳಿಸಿದ್ದು" ಅನ್ನುವುದು ನನಗೆ ಸಂತೋಷದ ಸುದ್ದಿ ಅಲ್ಲವೇ ಅಲ್ಲ. ಉಳಿದ ಆರು ವರ್ಷ ಎಲ್ಲಿತ್ತು? ನೀರು ಕಯಾಕನ್ನು ಹಾಳು ಮಾಡುವುದಿಲ್ಲ, ಬಿಸಿಲು ಮಾಡುತ್ತದೆ. ಪ್ರತಿ ಭಾನುವಾರ ನೀರಿಗಿಳಿದು ಶೆಡ್ಡಿನಲ್ಲಿ ಮಲಗಿದ ಕಯಾಕ್, ತಾರಸಿ ಮೇಲೆ ಆಕಾಶ ನೋಡುತ್ತಾ ಸುಮ್ನೆ ಬಿದ್ದಿದ್ದ "ಹೊಸಾ ಥರ ಇರೋ" ಕಯಾಕ್‌ಗಿಂತ ಎಷ್ಟೋ ವಾಸಿ.

ನೋಡಲು ಹೋದಾಗ ಸೀಟು ಬಿಚ್ಚಿಸಿ. ಸೀಟಿನ ಕೆಳಗಿನ ಬಣ್ಣ, ಮೇಲ್ಭಾಗದ ಬಣ್ಣ ಎರಡನ್ನೂ ಪಕ್ಕಪಕ್ಕ ನೋಡಿದರೆ ಎಷ್ಟು ಬಿಸಿಲು ತಿಂದಿದೆ ಅಂತ ಮಾರುವವರನ್ನು ಕೇಳದೆಯೇ ಗೊತ್ತಾಗುತ್ತದೆ. ಆಮೇಲೆ ಬೋರಲು ಹಾಕಿ. ನೀರು ಬಸಿದು ಹೋಗುವ ತೂತುಗಳ ಸುತ್ತ ಕೂದಲಿನಂಥ ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ, ಜಾಸ್ತಿ ಕೈಕೊಡುವುದು ಅಲ್ಲೇ. ಹಿಂತುದಿಯ ತಳ ಎಳೆದು ಎಳೆದು ಸವೆದಿರುತ್ತದೆ, ಹೆಬ್ಬೆರಳಲ್ಲಿ ಒತ್ತಿ ನೋಡಿ. ಅನುಮಾನ ಬಂದರೆ ಕೆರೆಗೆ ಒಯ್ಯಬೇಕಾಗಿಲ್ಲ. ಎರಡು ಸ್ಟೂಲಿನ ಮೇಲೆ ಇಟ್ಟು, ಒಳಗಿನ ಟೊಳ್ಳಿಗೆ ನಾಲ್ಕು ಬಕೆಟ್ ನೀರು ಸುರಿದು, ಆ ಕಡೆ ಈ ಕಡೆ ವಾಲಿಸಿ. ಸೋರುವ ಜಾಗ ಹೊರಗಡೆ ತಾನೇ ತೋರಿಸುತ್ತದೆ.

ಎಲ್ಲಾದರೂ ಎಂ-ಸೀಲ್ ಮೆತ್ತಿದ್ದು ಕಂಡರೆ ನಮಸ್ಕಾರ ಹೇಳಿ ಬಂದುಬಿಡಿ. ಪಾಲಿಎಥಿಲೀನ್‌ಗೆ ಅಂಥ ಅಂಟು ಯಾವುದೂ ಸರಿಯಾಗಿ ಕಚ್ಚುವುದಿಲ್ಲ, ನಾಳೆ ಸಿಪ್ಪೆಯಾಗಿ ಎದ್ದು ಬರುತ್ತದೆ. ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ವೆಲ್ಡ್ ಮಾಡಿದ್ದರೆ ಪರವಾಗಿಲ್ಲ, ಆದರೆ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್‌ಗೆ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ.

ಉಳಿದದ್ದು ಸಣ್ಣಪುಟ್ಟದ್ದು. 150 ಕೆಜಿ ಹೊರುತ್ತೆ ಅಂತ ಬರೆದಿದ್ದರೆ ನೀವು, ಸಾಮಾನು, ಐಸ್ ಬಾಕ್ಸ್ ಎಲ್ಲ ಸೇರಿ ನೂರು ದಾಟದಂತೆ ನೋಡಿಕೊಳ್ಳಿ. ಪೆಡಲ್ ಇರುವುದಾದರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಒಂದು ಹಲ್ಲಿನ ಚಕ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕಾದೀತು. ಹೊಸದರ ಅರ್ಧ ಬೆಲೆಗಿಂತ ಜಾಸ್ತಿ ಹೇಳಿದರೆ ನಾನಾದರೆ ಫೋನ್ ಇಡುತ್ತೇನೆ. ಲೈಫ್ ಜಾಕೆಟ್ ಹಾಕಲೇಬೇಕು, ಅದರ ಬಗ್ಗೆ ಚರ್ಚೆಯೇ ಇಲ್ಲ.

ಇನ್ನು ನೀವು ಕೇಳದ ಒಂದು ಪ್ರಶ್ನೆ. ಎಲ್ಲಿ ಇಳಿಸುತ್ತೀರಿ? ಯಾರೂ ಕೇಳುವುದಿಲ್ಲ, ದುಡ್ಡು ಕೊಟ್ಟಾದ ಮೇಲೆ ಕೇಳುತ್ತಾರೆ. ಕಾವೇರಿ ಹತ್ತಿರ ಇದೆ ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಅಲ್ಲಿ ರಾಡ್ ಹಿಡಿದು ತೇಲುವ ಆಸೆ ಬೇಡ. ಮುತ್ತತ್ತಿ ಕಡೆ ಕಾವೇರಿ ವನ್ಯಜೀವಿಧಾಮ, ಅಲ್ಲಿಯೂ ಕಾನೂನು ಬಿಗಿ. ಆ ನೀರಿನ ಹಂಪ್‌ಬ್ಯಾಕ್ ಮಹಶೀರ್ ಮೀನು 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದ ಗುಂಪಿನಲ್ಲಿದೆ, ಅದನ್ನು ಹಿಡಿದು ಫೋಟೋ ಹಾಕುವ ಶೋಕಿ ದಯವಿಟ್ಟು ಬಿಡಿ. ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ, ಅಣೆಕಟ್ಟಿನ ಹತ್ತಿರ ಹೋಗುವ ಮಾತೇ ಇಲ್ಲ, ಹಿನ್ನೀರಿನ ಬೇರೆ ಕಡೆಗೂ ಕೇಳಿಯೇ ಇಳಿಯಿರಿ.

ಊರ ಕೆರೆಯಾದರೆ ಸುಲಭ ಅಂದುಕೊಂಡಿರಾ? ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಮರಿ ಬಿಟ್ಟು, ರಾತ್ರಿ ಕಾವಲು ಕೂತು ಕಾಟ್ಲಾ, ರೋಹು ಬೆಳೆಸುವುದು ಅವರು. ನೀವು ಹಿಡಿಯುವುದು ಒಂದೋ ಎರಡೋ ಜಿಲೇಬಿ ಮೀನೇ ಆಗಿರಲಿ, ಬಣ್ಣದ ಕಯಾಕ್ ನೋಡಿದ ತಕ್ಷಣ ಜಗಳ ಶುರುವಾಗುತ್ತದೆ. ಮೊದಲು ಹೋಗಿ ಅವರನ್ನೇ ಮಾತಾಡಿಸಿ. ಒಪ್ಪಿದರೆ ಬಲೆ ಎಲ್ಲೆಲ್ಲಿ ಕಟ್ಟಿದ್ದಾರೆ, ನೀರೊಳಗೆ ಮರದ ಬೊಡ್ಡೆ ಎಲ್ಲಿದೆ ಅಂತಲೂ ಅವರೇ ಹೇಳುತ್ತಾರೆ, ಆಗ ನಿಮ್ಮ ಕಯಾಕಿನ ತಳವೂ ಉಳಿಯುತ್ತದೆ.