ಅಗ್ಗದ ವೆಲ್ಡಿಂಗ್ ಟೇಬಲ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ಮನೆಯ ಶೆಡ್ಡಿನಲ್ಲಿ ವೆಲ್ಡಿಂಗ್ ಶುರು ಮಾಡಿದವರು ಮೊದಲು ಮಷೀನು ಎಷ್ಟು ಆಂಪಿಯರಿನದಿರಬೇಕು ಎಂದು ಕೇಳುತ್ತಾರೆ, ಆಮೇಲೆ ಹೆಲ್ಮೆಟ್, ಆಮೇಲೆ ರಾಡು. ಟೇಬಲ್ಲಿನ ಮಾತು ಬರುವುದು ಮೊದಲ ಸ್ಟ್ಯಾಂಡು ಸೊಟ್ಟಗಾದ ಮೇಲೆ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಜೋಡಿಸಿದ ಚೌಕಟ್ಟು ಕಣ್ಣಿಗೆ ನೇರವಾಗಿಯೇ ಕಾಣುತ್ತದೆ. ಎತ್ತಿ ಸಮತಟ್ಟಾದ ಕಡೆ ಇಟ್ಟರೆ ಒಂದು ಕಾಲು ಗಾಳಿಯಲ್ಲಿ. ಕೈ ಪಳಗಿಲ್ಲ ಎಂದು ಬೇಜಾರು ಮಾಡಿಕೊಳ್ಳುವವರೇ ಹೆಚ್ಚು. ಬಹಳ ಸಲ ಕೈ ಸರಿಯಾಗಿಯೇ ಇರುತ್ತದೆ, ಕೆಳಗಿನ ನೆಲ ಸರಿಯಿರುವುದಿಲ್ಲ.

ಟೇಬಲ್ಲು ಮಾಡಬೇಕಾದ ಕೆಲಸ ಎರಡೇ. ಒಂದು, ಸಮತಟ್ಟಾದ ಮೇಲ್ಮೈ ಕೊಡುವುದು. ಇನ್ನೊಂದು, ಲೋಹವನ್ನು ಅದಕ್ಕೆ ಬಿಗಿಯಾಗಿ ಹಿಡಿದಿಡಲು ಜಾಗ ಕೊಡುವುದು. ಡ್ರಾಯರು, ಗನ್ನು ನೇತುಹಾಕುವ ಕೊಕ್ಕೆ, ಮಡಚುವ ಕಾಲು ಇವೆಲ್ಲ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವಿಲ್ಲ. ಕೈಯಲ್ಲಿರುವುದು ಕಡಿಮೆ ದುಡ್ಡಾದರೆ ಅದೆಲ್ಲ ಮೇಲಿನ ಪ್ಲೇಟಿಗೂ ಕ್ಲ್ಯಾಂಪುಗಳಿಗೂ ಹೋಗಲಿ.

ಪ್ಲೇಟಿನ ದಪ್ಪದಿಂದಲೇ ಶುರು ಮಾಡೋಣ, ಹೆಚ್ಚಿನವರು ಎಡವುವುದು ಇಲ್ಲೇ. ಪ್ಲೇಟು ಬಾಗದೆ ತಡೆದುಕೊಳ್ಳುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಈ ಬಿಗಿತ ಎಂಟು ಪಟ್ಟು. ತೂಕ ಮಾತ್ರ ಎರಡೇ ಪಟ್ಟು. ಹಾಗಾಗಿ 3 ಮಿ.ಮೀ.ನಿಂದ 6 ಮಿ.ಮೀ.ಗೆ ಹೋಗುವುದು ಕೊಟ್ಟ ದುಡ್ಡಿಗೆ ಬಹಳ ದೊಡ್ಡ ಲಾಭ. ತೂಕದ ಲೆಕ್ಕವೂ ಸುಲಭ: ಒಂದು ಚದರ ಮೀಟರ್ ಉಕ್ಕು ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. 1200×600 ಮಿ.ಮೀ. ಅಳತೆಯ ಪ್ಲೇಟು 6 ಮಿ.ಮೀ. ದಪ್ಪದಲ್ಲಿ ಸುಮಾರು 34 ಕೆ.ಜಿ., 10 ಮಿ.ಮೀ. ದಪ್ಪದಲ್ಲಿ 56.5 ಕೆ.ಜಿ. ಮೊದಲನೆಯದನ್ನು ಗಟ್ಟಿಗರೊಬ್ಬರು ಹೇಗೋ ಎತ್ತಿ ಇಡಬಹುದು. ಎರಡನೆಯದಕ್ಕೆ ಇನ್ನೊಬ್ಬರನ್ನು ಕರೆಯಲೇಬೇಕು. ಗೇಟು, ಕಿಟಕಿ ಗ್ರಿಲ್ಲು, ರ್‍ಯಾಕು, ಸ್ಟ್ಯಾಂಡು ಮಾಡುವವರಿಗೆ ಕೆಳಗಿನಿಂದ ಸುಮಾರು 300 ಮಿ.ಮೀ.ಗೆ ಒಂದರಂತೆ ಆಧಾರ ಕೊಟ್ಟ 6 ಮಿ.ಮೀ. ಪ್ಲೇಟು ಸಾಕು. 10 ಮಿ.ಮೀ. ಸಿಕ್ಕರೆ ಬಿಡಬೇಡಿ. 12ಕ್ಕಿಂತ ಮೇಲೆ ಹೋಗಲು ಮನೆಯ ಕೆಲಸದಲ್ಲಿ ನನಗೆ ಕಾರಣ ಕಾಣುವುದಿಲ್ಲ, ತೋರಿಕೆಯೊಂದನ್ನು ಬಿಟ್ಟರೆ.

ಎಲ್ಲ ಕಡೆ ಸಿಗುವ ಮಡಚುವ ಅಗ್ಗದ ಟೇಬಲ್ಲುಗಳ ಮೇಲ್ಮೈ ಸಾಮಾನ್ಯವಾಗಿ ತೆಳು ಶೀಟಿನದು, ಮಧ್ಯೆ ಉದ್ದುದ್ದ ಸೀಳುಗಳು. ಡಬ್ಬಿಯ ಮೇಲೆ ಇಷ್ಟು ಕೆ.ಜಿ. ತಡೆಯುತ್ತದೆ ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಅಂಕಿ ಮುರಿದು ಬೀಳುವುದಿಲ್ಲ ಎನ್ನುವುದಕ್ಕೆ ಭರವಸೆಯೇ ಹೊರತು, ಸಮತಟ್ಟಾಗಿ ಇರುತ್ತದೆ ಎನ್ನುವುದಕ್ಕಲ್ಲ. ತೆಳು ಶೀಟಿನ ಹತ್ತಿರವೇ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಹೊಡೆದರೆ ಕಾದ ಜಾಗ ಉಬ್ಬುತ್ತದೆ, ಆರಿದ ಮೇಲೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಹಾಗೆಂದು ಇವನ್ನು ತಳ್ಳಿಹಾಕಲಾರೆ. ಜಾಗವಿಲ್ಲದವರಿಗೆ, ತಿಂಗಳಿಗೊಮ್ಮೆ ಮುರಿದ ಹಿಡಿಕೆಯನ್ನೋ ಕುರ್ಚಿಯ ಕಾಲನ್ನೋ ಬೆಸೆಯುವವರಿಗೆ ಇವು ನೆಲಕ್ಕಿಂತ ಎಷ್ಟೋ ಮೇಲು. ಸೀಳುಗಳಿರುವುದರಿಂದ ಕ್ಲ್ಯಾಂಪು ಹಾಕಲೂ ಅನುಕೂಲ. ಕೊಂಡರೆ ಕೆಳಗೆ ಎರಡು ಆ್ಯಂಗಲ್ ತುಂಡುಗಳನ್ನು ಅಡ್ಡಕ್ಕೆ ಬೋಲ್ಟ್ ಮಾಡಿಬಿಡಿ, ಬೆಸೆಯಬೇಡಿ.

ಸಾಲು ಸಾಲು ತೂತಿರುವ ಫಿಕ್ಸ್ಚರ್ ಟೇಬಲ್ಲಿನ ಆಸೆ ಎಲ್ಲರಿಗೂ ಬರುತ್ತದೆ. 16 ಮತ್ತು 28 ಮಿ.ಮೀ. ತೂತುಗಳ ಎರಡು ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ತೂತಿನೊಳಗೆ ಪಿನ್ನು, ಸ್ಟಾಪರು, ಕ್ಲ್ಯಾಂಪು ಇಳಿಸಿ ಅದೇ ಚೌಕಟ್ಟನ್ನು ಹತ್ತು ಸಲ ಒಂದೇ ಅಳತೆಗೆ ಮಾಡಬಹುದು. ಒಂದೊಂದು ವಸ್ತುವನ್ನು ಒಂದೊಂದೇ ಸಲ ಮಾಡುವವರಿಗೆ ಈ ಅನುಕೂಲ ಅಷ್ಟಾಗಿ ಒದಗುವುದಿಲ್ಲ. ತೂತುಗಳನ್ನು ನಾವೇ ಕೊರೆದುಕೊಳ್ಳೋಣ ಎನ್ನುವ ಉತ್ಸಾಹಿಗಳಿಗೆ ಒಂದು ಲೆಕ್ಕ: 1200×600ರ ಪ್ಲೇಟಿನಲ್ಲಿ ಅಂಚಿನಿಂದ 50 ಮಿ.ಮೀ. ಬಿಟ್ಟು, 50 ಮಿ.ಮೀ.ಗೊಂದರಂತೆ ಕೊರೆದರೆ 253 ತೂತುಗಳು. ಹ್ಯಾಂಡ್ ಡ್ರಿಲ್ಲಿನಲ್ಲಿ ಹತ್ತನೆಯದಕ್ಕೆ ಬರುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಕೆಲಸ ಕೇಳಿದಾಗ, ಕೇಳಿದ ಜಾಗದಲ್ಲಿ ಒಂದೊಂದು ಕೊರೆಯುತ್ತ ಹೋಗಿ.

ಕಡಿಮೆ ಖರ್ಚಿಗೆ ನನ್ನ ಆಯ್ಕೆ ಪಟ್ಟಿ ಟೇಬಲ್. ಒಂದೇ ಅಗಲ ಪ್ಲೇಟಿನ ಬದಲು 75 ಅಥವಾ 100 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಐದಾರು ಫ್ಲ್ಯಾಟ್ ಪಟ್ಟಿಗಳನ್ನು ನಡುವೆ ಸುಮಾರು 40 ಮಿ.ಮೀ. ಸಂದು ಬಿಟ್ಟು ಚೌಕಟ್ಟಿನ ಮೇಲೆ ಬೋಲ್ಟ್ ಮಾಡುವುದು. ಕ್ಲ್ಯಾಂಪನ್ನು ಟೇಬಲ್ಲಿನ ಅಂಚಿನಲ್ಲಷ್ಟೇ ಅಲ್ಲ, ಎಲ್ಲಿ ಬೇಕೋ ಅಲ್ಲಿ ಸಂದಿನಿಂದ ತೂರಿಸಬಹುದು. ಗ್ರೈಂಡಿಂಗ್ ಪುಡಿ, ಬೆಸುಗೆಯ ಮೇಲಿಂದ ಉದುರುವ ಸ್ಲ್ಯಾಗು ತಾನೇ ಕೆಳಗೆ ಬೀಳುತ್ತದೆ. ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಬದಲಾಯಿಸಿದರಾಯಿತು. ವಾಷರು, ನಟ್ಟು ಕೂಡ ಕೆಳಗೆ ಬೀಳುತ್ತವೆ ಎನ್ನುವುದು ಇದರ ಕಿರಿಕಿರಿ, ಒಂದು ಟ್ರೇ ಇಟ್ಟುಕೊಳ್ಳಿ. ಪಟ್ಟಿ ಕೊಳ್ಳುವಾಗ ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೆ ನೋಡಿ, ನೇರ ಇರುವುದನ್ನೇ ಆರಿಸಿ. ಗುಜರಿಯಲ್ಲಿ ದಪ್ಪ ಪ್ಲೇಟು ಸಿಕ್ಕರೂ ಇದೇ ಪರೀಕ್ಷೆ: ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿದ ಬಿಸಿಗೆ ತಿರುಚಿಕೊಂಡ ಪ್ಲೇಟು ಮನೆಯಲ್ಲಿ ನೆಟ್ಟಗಾಗುವುದಿಲ್ಲ.

ಇನ್ನು ಪ್ಲೇಟನ್ನು ಚೌಕಟ್ಟಿಗೆ ಕೂರಿಸುವುದು. ಒಳ್ಳೆಯ ಪ್ಲೇಟು ತಂದು, ಅದನ್ನು ಸುತ್ತಲೂ ಭರ್ತಿ ಬೀಡ್ (ಬೆಸುಗೆಯ ಗೆರೆ) ಹಾಕಿ ಬೆಸೆದು ಕೆಡಿಸುವವರಿದ್ದಾರೆ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪ್ಲೇಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೆಳಗಿನಿಂದ ಹೊಲಿದ ಪ್ಲೇಟಿನ ಅಂಚುಗಳು ಕೆಳಕ್ಕೆ ಬಾಗುತ್ತವೆ, ಬೆಸುಗೆಯ ಮೇಲ್ಭಾಗ ಉಬ್ಬಿದಂತಾಗುತ್ತದೆ. ಬೋಲ್ಟ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ತಗ್ಗಿದ್ದಲ್ಲಿ ಪ್ಲೇಟಿಗೂ ಚೌಕಟ್ಟಿಗೂ ನಡುವೆ ತೆಳು ತಗಡು ಕೊಟ್ಟು ಎತ್ತಬಹುದು, ನಾಳೆ ಬಿಚ್ಚಲೂಬಹುದು. ಬೆಸೆಯಲೇಬೇಕು ಎಂದರೆ 25 ಮಿ.ಮೀ. ಉದ್ದದ ಚಿಕ್ಕ ಚಿಕ್ಕ ಬೆಸುಗೆ, ದೂರ ದೂರಕ್ಕೆ, ಒಮ್ಮೆ ಈ ಮೂಲೆ, ಒಮ್ಮೆ ಎದುರು ಮೂಲೆ, ನಡುನಡುವೆ ಆರಲು ಬಿಟ್ಟು. ಪ್ಲೇಟಿನ ಅಂಚು ಚೌಕಟ್ಟಿನಿಂದ ನಾಲ್ಕೂ ಕಡೆ 50ರಿಂದ 75 ಮಿ.ಮೀ. ಹೊರಚಾಚಿರಲಿ. ಇಲ್ಲದಿದ್ದರೆ ಕ್ಲ್ಯಾಂಪಿನ ದವಡೆ ಹಿಡಿಯಲು ಜಾಗವೇ ಇರುವುದಿಲ್ಲ.

ಕಾಲಿಗೆ 50×50×3ರ ಸ್ಕ್ವೇರ್ ಪೈಪ್ ಸಾಕು. ನಿಂತು ಕೆಲಸ ಮಾಡುವವರಿಗೆ ಎತ್ತರ 850ರಿಂದ 900 ಮಿ.ಮೀ. ಆಸುಪಾಸು, ಅದಕ್ಕಿಂತ ಮುಖ್ಯವಾಗಿ ನಿಮ್ಮ ಮೊಣಕೈಗಿಂತ ತುಸು ಕೆಳಗೆ. ಕಾಲಿನ ತುದಿಗೆ ನಟ್ಟು ಬೆಸೆದು ಬೋಲ್ಟ್ ಇಳಿಸಿದರೆ ಎತ್ತರ ಹೊಂದಿಸಿಕೊಳ್ಳಬಹುದು. ಚಕ್ರ ಹಾಕುವುದಾದರೆ ಕೆಲಸದ ಹೊತ್ತಿಗೆ ಟೇಬಲ್ಲು ಚಕ್ರದ ಮೇಲಲ್ಲ, ಬೋಲ್ಟುಗಳ ಮೇಲೆ ನಿಲ್ಲಲಿ.

ಸಮತಟ್ಟನ್ನು ನೋಡಲು ರಸಮಟ್ಟ ಸಾಲದು. ರಸಮಟ್ಟ ಹೇಳುವುದು ಟೇಬಲ್ಲು ವಾಲಿದೆಯೋ ಇಲ್ಲವೋ ಎಂದು. ವಾಲಿದ ಟೇಬಲ್ಲಿನ ಮೇಲೂ ನೇರ ಚೌಕಟ್ಟು ಮಾಡಬಹುದು, ತಿರುಚಿದ ಟೇಬಲ್ಲಿನ ಮೇಲೆ ಆಗದು. ಎರಡು ದಾರಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎಳೆದು ಕಟ್ಟಿ. ನಾಲ್ಕೂ ಮೂಲೆಗಳಲ್ಲಿ ದಾರದ ಕೆಳಗೆ ಒಂದೇ ದಪ್ಪದ ತುಂಡು ಇರಲಿ. ಮಧ್ಯದಲ್ಲಿ ದಾರಗಳು ಒಂದನ್ನೊಂದು ಸವರಿಕೊಂಡು ಹೋದರೆ ತಿರುಚಿಲ್ಲ. ನಡುವೆ ಸಂದು ಕಂಡರೆ, ಅಥವಾ ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ, ಒಂದು ಕಾಲಿನ ಬೋಲ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತ ಸರಿಮಾಡಿ. ಆಮೇಲೆ ಒಂದು ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕು ತೂರಿದ ಕಡೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಾಕಿ. ಮೀಟರಿಗೆ 1 ಮಿ.ಮೀ. ಒಳಗಿದ್ದರೆ ಮನೆಯ ಕೆಲಸಕ್ಕೆ ಚೆನ್ನಾಗಿಯೇ ಇದೆ. ಅದಕ್ಕಿಂತ ನಿಖರತೆಯ ಹಿಂದೆ ಬಿದ್ದರೆ ಟೇಬಲ್ಲೇ ಹವ್ಯಾಸವಾಗಿಬಿಡುತ್ತದೆ.

ಬಳಸುವ ಬಗೆಗೆ ಒಂದು 600×400ರ ಚೌಕಟ್ಟನ್ನೇ ತೆಗೆದುಕೊಳ್ಳಿ. ಪೈಪುಗಳನ್ನು ನೇರವಾಗಿ ಟೇಬಲ್ಲಿಗೆ ತಾಗಿಸದೆ, ಕೀಲಿನಿಂದ ಸ್ವಲ್ಪ ದೂರದಲ್ಲಿ ಒಂದೇ ದಪ್ಪದ ಪಟ್ಟಿ ತುಂಡುಗಳ ಮೇಲೆ ಕೂರಿಸಿ. ಕೀಲಿನ ಕೆಳಗೆ ಗಾಳಿ ಆಡುತ್ತದೆ, ಚೌಕಟ್ಟು ಟೇಬಲ್ಲಿಗೇ ಬೆಸೆದುಕೊಳ್ಳುವುದಿಲ್ಲ. ಒಂದು ಉದ್ದದ ಪೈಪನ್ನು ಮೊದಲು ಕ್ಲ್ಯಾಂಪು ಮಾಡಿ, ಮೂಲೆಮಟ್ಟ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸಿ. ನಾಲ್ಕು ಮೂಲೆಗೆ ನಾಲ್ಕು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚಿಕ್ಕ ಬೆಸುಗೆ) ಹಾಕಿ, ಹೊರ ಅಂಚಿನಿಂದ ಕರ್ಣಗಳನ್ನು ಅಳೆಯಿರಿ. ಎರಡೂ 721 ಮಿ.ಮೀ. ಬರಬೇಕು. ಒಂದು 723, ಇನ್ನೊಂದು 719 ಬಂದರೆ ಉದ್ದ ಕರ್ಣದ ಎರಡು ಮೂಲೆಗಳಿಗೆ ಉದ್ದನೆಯ ಕ್ಲ್ಯಾಂಪು ಹಾಕಿ ನಿಧಾನವಾಗಿ ಬಿಗಿಯಿರಿ. ಟ್ಯಾಕ್ ಚಿಕ್ಕದಿದ್ದರೆ ಬಗ್ಗಿಕೊಡುತ್ತದೆ. ಪೂರ್ತಿ ಬೆಸೆಯುವುದು ಇದಾದ ಮೇಲೆ, ಎದುರುಬದುರು ಮೂಲೆಗಳ ಸರದಿಯಲ್ಲಿ. ಕ್ಲ್ಯಾಂಪನ್ನು ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆಯೇ ಬಿಚ್ಚಿ. ಮ್ಯಾಗ್ನೆಟ್ ಮೂಲೆಗಳು ಕೈಗೆ ಹಿತ, ಆದರೆ ಟ್ಯಾಕ್ ಆದೊಡನೆ ತೆಗೆದುಬಿಡಿ. ಡಿ.ಸಿ. ಮಷೀನಿನಲ್ಲಿ ಹತ್ತಿರದ ಆಯಸ್ಕಾಂತ ಆರ್ಕನ್ನು ಪಕ್ಕಕ್ಕೆ ಎಳೆಯುತ್ತದೆ.

ಅರ್ಥ್ ಕ್ಲ್ಯಾಂಪಿನ, ಅಂದರೆ ಕರೆಂಟು ಮಷೀನಿಗೆ ಹಿಂದಿರುಗುವ ಕೇಬಲ್ಲಿನ ಹಿಡಿಕೆಯ, ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕಾಯಿಸಿ ಉರುಳೆಗಳ ನಡುವೆ ಒತ್ತಿ ತಯಾರಿಸಿದ ಪ್ಲೇಟಿನ ಮೇಲೆ ಕಪ್ಪು ಪದರ ಇರುತ್ತದೆ, ಅದರ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಗ್ರೈಂಡರಿನಿಂದ ಆ ಪದರ ತೆಗೆದು, ಟೇಬಲ್ಲಿನ ಅಡಿಗೆ ಒಂದು ಕಿವಿ ಬೆಸೆದು ಅದಕ್ಕೇ ಹಾಕಿ. ಈ ಸಂಪರ್ಕ ಸಡಿಲವಾದರೆ ಕರೆಂಟು ತನಗೆ ಸಿಕ್ಕ ದಾರಿ ಹಿಡಿಯುತ್ತದೆ. ಟೇಬಲ್ಲಿನ ಮೇಲೆ ಮಲಗಿಸಿದ, ಲೋಹದ ಮೈಯ ಡ್ರಿಲ್ಲಿನ ಅರ್ಥ್ ವೈರು ಕೂಡ ಆ ದಾರಿಯಾಗಬಹುದು, ವೈರು ಸುಟ್ಟುಹೋಗಬಹುದು. ಆದ್ದರಿಂದ ವೆಲ್ಡಿಂಗ್ ಹೊತ್ತಿನಲ್ಲಿ ಪ್ಲಗ್ಗಿಗೆ ಹಾಕಿದ ಯಾವ ಸಾಧನವೂ ಟೇಬಲ್ಲಿನ ಮೇಲಿರಬಾರದು. ಬೇರಿಂಗ್ ಇರುವ ವಸ್ತುವಾದರೆ ಅರ್ಥ್ ಕ್ಲ್ಯಾಂಪನ್ನು, ಬೆಸೆಯುವ ಭಾಗಕ್ಕೇ ನೇರ ಹಾಕಿ, ಬೇರಿಂಗಿನ ಮೂಲಕ ಕರೆಂಟ್ ಹರಿಯಬಾರದು. ರಾಡಿನ ಮಷೀನಿನಲ್ಲಿ ಆರ್ಕ್ ಇಲ್ಲದಿರುವಾಗಲೂ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಬೆವರಿದ ಬರಿಯ ಮೊಣಕೈಯನ್ನು ಟೇಬಲ್ಲಿಗೆ ಊರಿ ರಾಡು ಬದಲಾಯಿಸುವ ಅಭ್ಯಾಸ ಬಿಡಿ.

ಕೆಲಸದ ಮೊದಲು ಆ್ಯಂಟಿ ಸ್ಪ್ಯಾಟರ್ ಸವರಿದರೆ ಸಿಡಿದ ಹನಿಗಳು ಗಟ್ಟಿಯಾಗಿ ಅಂಟದೆ, ಉಳಿ ತಾಗಿಸಿದರೆ ಏಳುತ್ತವೆ. ಅಂಟಿದ್ದನ್ನು ಚಪ್ಪಟೆ ಉಳಿಯಲ್ಲೇ ಕೆರೆಯಿರಿ, ಗ್ರೈಂಡರ್ ಹಿಡಿದರೆ ತಗ್ಗಾಗುತ್ತದೆ. ತುಕ್ಕಿಗೆ ತೆಳುವಾಗಿ ಎಣ್ಣೆ ಒರೆಸಿಡಬಹುದು, ಆದರೆ ಬೆಸೆಯುವ ಮೊದಲು ಒರೆಸಿ ತೆಗೆಯಬೇಕು, ಎಣ್ಣೆ ಉರಿದರೆ ಬೀಡಿನಲ್ಲಿ ಗುಳ್ಳೆ ಏಳುತ್ತದೆ. ಒರೆಸಲು ಬ್ರೇಕ್ ಕ್ಲೀನರ್ ಕೈಗೆತ್ತಿಕೊಳ್ಳುವ ಮುನ್ನ ಡಬ್ಬಿ ಓದಿ. ಕ್ಲೋರಿನ್ ಇರುವ ದ್ರಾವಕಗಳ ಆವಿ ಆರ್ಕಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಗ್ಯಾಲ್ವನೈಸ್ ಮಾಡಿದ ಶೀಟನ್ನು ಅಗ್ಗವೆಂದು ಟೇಬಲ್ಲಿನ ಮೇಲ್ಮೈಗೆ ಹಾಕಲೇಬೇಡಿ. ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲಿ ಚಳಿಜ್ವರದಂತೆ ಮೈ ನಡುಗುತ್ತದೆ.

ಹಳೆಯ ಮರದ ಮೇಜಿಗೆ ತಗಡು ಹೊದಿಸಿದರೆ ಸಾಲದೇ ಎಂದು ಕೇಳುವವರು ಬಹಳ. ಸಾಲದು. ತಗಡಿನ ಕೆಳಗೆ ಮರ ಹೊಗೆಯೂ ಕಾಣದಂತೆ ಕಾವು ಹಿಡಿದು ಕೂತು, ನೀವು ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು. ಪೂರ್ತಿ ಉಕ್ಕಿನ ಟೇಬಲ್ಲಿದ್ದರೂ ಅದರ ಕೆಳಗಿನ ಅರೆಯಲ್ಲಿ ಬಟ್ಟೆಚೂರು, ಥಿನ್ನರ್, ಸ್ಪ್ರೇ ಡಬ್ಬಿ ಇಡಬೇಡಿ. ಕೊನೆಯ ಬೆಸುಗೆ ಆದ ಮೇಲೆ ಕನಿಷ್ಠ ಅರ್ಧ ಗಂಟೆ ಶೆಡ್ಡಿನಲ್ಲೇ ಇರಿ. ಕ್ಲ್ಯಾಂಪುಗಳ ಸ್ಕ್ರೂಗೆ ಅಂಟಿದ ಹನಿಗಳನ್ನು ಕೆರೆದು ಎಣ್ಣೆ ಹಾಕಲು ಆ ಹೊತ್ತು ಸರಿಹೋಗುತ್ತದೆ.