ಪದ ಪರಿಚಯ: ಹಾಟ್ ಸ್ಪಾಟ್

ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳು ‘ಹಾಟ್ ಸ್ಪಾಟ್’ ಅಂದರೆ ವೈಫೈ ವಿಷಯ ಅಲ್ಲ. ಹೆಲ್ಮೆಟ್ ತಲೆಯ ಒಂದೇ ಜಾಗವನ್ನು ಒತ್ತಿ ನೋಯಿಸುತ್ತದಲ್ಲ, ಆ ಜಾಗ. ಹಣೆಯಲ್ಲೋ ನೆತ್ತಿಯಲ್ಲೋ ಸಣ್ಣಗೆ ಶುರುವಾಗಿ ತಲೆ ಸಿಡಿಯುವಷ್ಟಾಗುತ್ತದೆ. ಹಾರಾಟದ ಮಧ್ಯೆ ಹೆಲ್ಮೆಟ್ ತೆಗೆದಿಡೋಕೂ ಆಗಲ್ಲ.

ಅಮೆರಿಕದ ಸೇನೆಯಲ್ಲಿ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹಾರಿಸುವವರು ಬಳಸುವ ಎಚ್‌ಜಿಯು-56/ಪಿ ಹೆಲ್ಮೆಟ್ಟನ್ನೇ ತೆಗೆದುಕೊಳ್ಳಿ. ಹೊರಗೆ ಗಟ್ಟಿ ಚಿಪ್ಪು. ಅದರೊಳಗೆ ನಮ್ಮ ಥರ್ಮಾಕೋಲ್ ಜಾತಿಯದೇ ಫೋಮ್. ತಲೆಯ ಕಡೆಗೆ ಗುಳಿ ಗುಳಿಯಾದ ಪ್ಲಾಸ್ಟಿಕ್ ಹಾಳೆಗಳ ಪದರ. ಈ ಪದರವನ್ನು ಓವನ್‌ನಲ್ಲಿ ಬಿಸಿ ಮಾಡಿ, ಮೆತ್ತಗಿರುವಾಗಲೇ ಪೈಲಟ್ ತಲೆಗೆ ಹಾಕಿಸಿ ಆಕಾರ ಕೊಡುತ್ತಾರೆ. ಹಾಟ್ ಸ್ಪಾಟ್ ಬಂದರೆ ಸರಿಮಾಡಬೇಕಾದದ್ದು ಇದನ್ನೇ.

ಆದರೆ ಕೈಗೆ ಸುಲಭವಾಗಿ ಸಿಗುವುದು ಚಾಕು. ಒಳಗಿನ ಫೋಮನ್ನು ಒಂಚೂರು ಕೆರೆದರೆ ನೋವು ಹೋಯಿತು! ಅಪಾಯ ಇರುವುದೇ ಇಲ್ಲಿ. ಆ ಫೋಮ್ ಇರುವುದು ಮೆತ್ತಗಿರಲಿ ಅಂತ ಅಲ್ಲ, ಏಟು ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಯನ್ನು ನಿಧಾನಕ್ಕೆ ನಿಲ್ಲಿಸಲಿ ಅಂತ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಡಿದ ತಲೆ 2 ಸೆಂಟಿಮೀಟರ್ ಒಳಗೆ ನಿಂತರೆ ಸರಾಸರಿ 90 ಜಿ, ಅಂದರೆ ಭೂಮಿಯ ಗುರುತ್ವದ 90 ಪಟ್ಟು, ಆಸುಪಾಸಿನ ಹೊಡೆತ. ನಿಲ್ಲಲು 1 ಸೆಂಟಿಮೀಟರ್ ಮಾತ್ರ ಸಿಕ್ಕರೆ 180 ಜಿ ದಾಟುತ್ತದೆ. ಕೆರೆದು ಬಿಸಾಡಿದ ಪುಡಿಯ ಬೆಲೆ ಇಷ್ಟು.

ನೋವಾಗುತ್ತದೆ ಅಂತ ಪಟ್ಟಿ ಸಡಿಲ ಬಿಡುವುದೂ ಅಷ್ಟೇ ಕೆಟ್ಟದ್ದು. ನೆಲಕ್ಕೆ ಬಿದ್ದ ಹೆಲಿಕಾಪ್ಟರ್ ಒಂದೇ ಏಟಿಗೆ ನಿಲ್ಲಬೇಕೆಂದಿಲ್ಲ. ಉರುಳಿ ಮತ್ತೆ ಬಡಿಯಬಹುದು. ಮೊದಲ ಏಟಿಗೇ ಹೆಲ್ಮೆಟ್ ಕಳಚಿಕೊಂಡರೆ ಎರಡನೆಯದು ಬರಿತಲೆಗೆ. ಗಲ್ಲದ ಪಟ್ಟಿ ಒಂದಿದ್ದರೆ ಸಾಕು ಅನ್ನಿಸುತ್ತದೆ, ಸಾಲದು. ಕತ್ತಿನ ಹಿಂದಿನ ಪಟ್ಟಿ ತಲೆಬುರುಡೆಯ ಕೆಳಗಿನ ಉಬ್ಬನ್ನು ಹಿಡಿದಿರಬೇಕು. ಇಲ್ಲದಿದ್ದರೆ ಹೆಲ್ಮೆಟ್ ಮುಂದಕ್ಕೆ ಮಗುಚಿಕೊಳ್ಳುತ್ತದೆ.

ರಾತ್ರಿ ಹಾರಾಟದಲ್ಲಿ ತಾಪತ್ರಯ ಜಾಸ್ತಿ. ನೈಟ್ ವಿಷನ್ ಕನ್ನಡಕದ ಭಾರಕ್ಕೆ ಹೆಲ್ಮೆಟ್ ಮೂಗಿನ ಕಡೆ ಜಗ್ಗುತ್ತದೆ. ಪೈಲಟ್ ಪಟ್ಟಿ ಬಿಗಿಯುತ್ತಾನೆ, ಹಣೆಯಲ್ಲಿ ಹೊಸ ಹಾಟ್ ಸ್ಪಾಟ್ ಹುಟ್ಟುತ್ತದೆ. ತೂಕ ಸರಿದೂಗಲಿ ಅಂತ ಹಿಂದೆ ಭಾರದ ಚೀಲ ಕಟ್ಟುವುದುಂಟು. ಜಗ್ಗುವುದು ತಗ್ಗಿದರೂ ಕತ್ತು ಹೊರುವ ಒಟ್ಟು ತೂಕ ಏರುತ್ತದೆ. ಹಾಗಾಗಿ ಫಿಟ್ಟಿಂಗ್ ನೋಡುವಾಗ ಬರೀ ಹೆಲ್ಮೆಟ್ ಹಾಕಿಸಿದರೆ ಸಾಲದು. ಕನ್ನಡಕ, ಚೀಲ ಎಲ್ಲ ತಗುಲಿಸಿ ಸ್ವಲ್ಪ ಹೊತ್ತು ಕೂರಿಸಬೇಕು. ಆಮೇಲೆ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಅಲ್ಲಾಡಬೇಕು. ಚರ್ಮ ನಿಂತಲ್ಲೇ ಇದ್ದು ಹೆಲ್ಮೆಟ್ ಮಾತ್ರ ಜಾರಿದರೆ ಅದು ಇನ್ನೂ ಸಡಿಲವೇ.